ಬೆಟ್ಟದ ಮೇಲಿನ ರೋಗಿಗಾಗಿ ಹೆಲಿಕಾಪ್ಟರ್ ಹಾರಬಹುದೇ ಎಂದು ಹೇಳಬೇಕಾದವರು ಯಾರು, ಯಾವ ಅಳತೆಯ ಮೇಲೆ?

ಕುಂದಗೋಳದ ಸಿಸ್ಟರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಹದಿನೇಳು ವರ್ಷಗಳಿಂದ ಶುಶ್ರೂಷಕಿಯಾಗಿದ್ದೇನೆ. ಕಳೆದ ಮೇ ತಿಂಗಳಿನಲ್ಲಿ ನಮ್ಮ ಅಣ್ಣ ಮತ್ತು ವೈನಿ ಕೇದಾರನಾಥಕ್ಕೆ ನಡೆದುಕೊಂಡು ಹೋಗಿದ್ದರು. ಮೇಲೆ ತಲುಪಿದ ಮರುದಿನ ವೈನಿಗೆ ಕೆಮ್ಮು ಹತ್ತಿ, ಮಲಗಿದರೆ ಉಸಿರು ಕಟ್ಟುವಂತಾಗಿ, ಮಧ್ಯಾಹ್ನದ ಹೊತ್ತಿಗೆ ಕಫದಲ್ಲಿ ಕೆಂಪು ನೊರೆ ಕಾಣಿಸಿತು. ಅಣ್ಣ ಫೋನಿನಲ್ಲಿ ಹೇಳಿದ ಲಕ್ಷಣಗಳಿಂದಲೇ ಅದು ಎತ್ತರದ ಜಾಗದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಕಾಯಿಲೆ ಎಂದು ನನಗೆ ತಿಳಿಯಿತು. ಅಲ್ಲಿನ ವೈದ್ಯರು ಆಮ್ಲಜನಕ ಕೊಟ್ಟು, ಕೂಡಲೇ ಕೆಳಗಿಳಿಸಬೇಕೆಂದರು.

ಮೂರು ಗಂಟೆಯ ಹೊತ್ತಿಗೆ, ನಾವು ಮೊದಲು ಕೇಳಿದ ಹೆಲಿಕಾಪ್ಟರಿನವರು ಕಣಿವೆಯಲ್ಲಿ ಮೋಡ ಇಳಿದಿದೆ, ಈಗ ಆಗುವುದಿಲ್ಲ ಎಂದರು. ಸ್ವಲ್ಪ ಹೊತ್ತಿಗೆ ಮಧ್ಯವರ್ತಿಯೊಬ್ಬ ಬಂದು, ಹೆಚ್ಚು ಹಣ ಕೊಟ್ಟರೆ ಬೇರೆಯವರು ಬರುತ್ತಾರೆ ಎಂದ. ಅಣ್ಣ ನನ್ನನ್ನು ಕೇಳಿದ: "ತಂಗಿ, ಕೊಡಲೇನು?" ನಾನು ಒಂದು ಕ್ಷಣವೂ ಯೋಚಿಸದೆ ಕೊಡು ಎಂದೆ. ಆ ಎರಡನೆಯ ಹೆಲಿಕಾಪ್ಟರ್ ಕೆಳಗಿನಿಂದ ಹೊರಟು, ಅರ್ಧ ದಾರಿಯಲ್ಲಿ ಏನೂ ಕಾಣದೆ ಹಿಂದಿರುಗಿತಂತೆ. ಕೊನೆಗೆ ರಕ್ಷಣಾ ಪಡೆಯ ಹುಡುಗರು ರಾತ್ರಿಯೆಲ್ಲ ಸ್ಟ್ರೆಚರ್ ಹೊತ್ತು ನಡಿಗೆದಾರಿಯ ಬುಡದ ಗೌರಿಕುಂಡಕ್ಕೆ ಇಳಿಸಿದರು. ದೇವರ ದಯೆಯಿಂದ ವೈನಿ ಈಗ ಚೆನ್ನಾಗಿದ್ದಾರೆ.

ಆದರೆ ನನ್ನ ಆ "ಕೊಡು" ಎಂಬ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅಂದು ಆ ಪೈಲಟ್ ಹಿಂದಿರುಗದೆ ಮುಂದುವರಿದಿದ್ದರೆ ಏನಾಗುತ್ತಿತ್ತು? ಇದಾದ ಮೇಲೆ ನಾನು ಓದತೊಡಗಿದೆ. 2022ರ ಅಕ್ಟೋಬರ್ 18ರಂದು ಕೇದಾರನಾಥದ ಬಳಿಯೇ ಮಂಜಿನಲ್ಲಿ ಯಾತ್ರಿಕರ ಹೆಲಿಕಾಪ್ಟರ್ ಬಿದ್ದು ಏಳು ಜನ ತೀರಿಕೊಂಡರು. 2025ರ ಜೂನ್ 15ರಂದು ಗೌರಿಕುಂಡದ ಬಳಿ ಮತ್ತೆ ಏಳು ಜನ, ಅವರಲ್ಲಿ ಒಂದು ಪುಟ್ಟ ಮಗು. ಅಂದೂ ಬೆಳಗಿನ ಜಾವ ಕಣಿವೆಯಲ್ಲಿ ಮೋಡವಿತ್ತು. ಇಂತಹ ಜಾಗಗಳಲ್ಲಿ ಹಾರಬಹುದು, ಹಾರಬಾರದು ಎಂಬುದನ್ನು ಯಾವ ಅಳತೆಯ ಮೇಲೆ ಹೇಳುತ್ತಾರೆ? ರೋಗಿಯ ಕಡೆಯವರು ಏನು ಕೇಳಬೇಕು, ಏನು ಕೇಳಬಾರದು? ತಿಳಿದವರು ದಯವಿಟ್ಟು ಬರೆಯಿರಿ.

ಗದಗ ವೀಕ್ಷಕ

ಸಿಸ್ಟರ್ ಅವರೇ, ತಮ್ಮ ವೈನಿಯವರು ಗುಣವಾದ ಸುದ್ದಿ ಓದಿ ಸಮಾಧಾನವಾಯಿತು. ನಾನು ಹವಾಮಾನ ವೀಕ್ಷಣೆಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ತಮ್ಮ ಮೊದಲ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗುತ್ತದೆ, ಏಕೆಂದರೆ ಉಪಗ್ರಹ ಇದೆ, ರಡಾರ್ ಇದೆ, ಇನ್ನೇನು ಬೇಕು ಎಂದು ಬಹಳ ಜನ ಭಾವಿಸಿದ್ದಾರೆ.

ಉಪಗ್ರಹವು ಮೋಡವನ್ನು ಮೇಲಿನಿಂದ ನೋಡುತ್ತದೆ. ಹೆಲಿಕಾಪ್ಟರ್ ಹಾರುವುದು ಮೋಡದ ಕೆಳಗೆ. ಮೋಡದ ತಲೆ ಎಷ್ಟು ಎತ್ತರದಲ್ಲಿದೆ ಎಂಬುದು ಪೈಲಟ್‌ಗೆ ಬೇಕಾದ ಸಂಗತಿಯಲ್ಲ. ಮೋಡದ ತಳಕ್ಕೂ ಕಣಿವೆಯ ನೆಲಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದೇ ಅವನ ಜೀವದ ಪ್ರಶ್ನೆ. ಇನ್ನು ರಡಾರ್ ಮಳೆಹನಿಯನ್ನು ಚೆನ್ನಾಗಿ ಕಾಣುತ್ತದೆ, ಮಂಜನ್ನು ಕಾಣುವುದಿಲ್ಲ. ಅದರ ಕಿರಣ ನೇರವಾಗಿ ಸಾಗುವುದರಿಂದ ನಡುವೆ ಬೆಟ್ಟ ಬಂದರೆ ಹಿಂದಿನ ಕಣಿವೆ ಕತ್ತಲೆಯಲ್ಲಿ ಉಳಿಯುತ್ತದೆ. ಉತ್ತರಾಖಂಡದಲ್ಲಿ ಮುಕ್ತೇಶ್ವರ, ಸುರ್ಕಂಡಾ ದೇವಿ, ಲ್ಯಾನ್ಸ್‌ಡೌನ್ ಎಂಬ ಮೂರು ಎತ್ತರದ ಜಾಗಗಳಲ್ಲಿ ಡಾಪ್ಲರ್ ರಡಾರ್‌ಗಳನ್ನು (ಮಳೆಹನಿಗಳ ಚಲನೆಯನ್ನೂ ಅಳೆಯುವ ರಡಾರ್) ಇಟ್ಟಿರುವುದು ಈ ಕಾರಣಕ್ಕಾಗಿಯೇ. ಗುಡುಗು ಮಳೆ ಎತ್ತ ಸಾಗುತ್ತಿದೆ ಎಂದು ತಿಳಿಯಲು ಅವು ಬಹಳ ಉಪಯುಕ್ತ. ಆದರೂ ಒಂದು ಇಕ್ಕಟ್ಟಾದ ಕಣಿವೆಯ ತಳದಲ್ಲಿ ಈ ಹತ್ತು ನಿಮಿಷದಲ್ಲಿ ಏನಾಗುತ್ತಿದೆ ಎಂಬುದನ್ನು ಅವು ಹೇಳಲಾರವು.

ಅದನ್ನು ಹೇಳಬೇಕಾದರೆ ಹೆಲಿಪ್ಯಾಡಿನಲ್ಲೇ, ಹೋಗುವ ದಾರಿಯ ಕಣಿವೆಯ ಬಾಯಿಯಲ್ಲೇ, ದಾಟಬೇಕಾದ ಕಣಿವೆದಾರಿಯ ನೆತ್ತಿಯಲ್ಲೇ ಉಪಕರಣಗಳಿರಬೇಕು. ಮೋಡದ ತಳದ ಎತ್ತರಕ್ಕೆ ಸೀಲೋಮೀಟರ್ ಇದೆ. ಅದು ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು, ಮೋಡಕ್ಕೆ ತಾಗಿ ಮರಳಲು ಹಿಡಿದ ಸಮಯದಿಂದ ಎತ್ತರವನ್ನು ಲೆಕ್ಕ ಹಾಕುತ್ತದೆ. ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ಗೋಚರತೆ ಮಾಪಕ, ಗಾಳಿಯ ವೇಗ ಮತ್ತು ದಿಕ್ಕಿಗೆ ಬೇರೆ ಮಾಪಕಗಳು, ಜೊತೆಗೆ ಒತ್ತಡ, ಉಷ್ಣತೆ, ತೇವಾಂಶ.

ಕೊನೆಯ ಎರಡರಿಂದ ಒಂದು ಸರಳ ಲೆಕ್ಕವನ್ನು ಯಾರಾದರೂ ಮಾಡಬಹುದು. ಗಾಳಿಯ ಉಷ್ಣತೆಯಿಂದ ಇಬ್ಬನಿ ಬಿಂದುವಿನ ಉಷ್ಣತೆಯನ್ನು, ಅಂದರೆ ಗಾಳಿ ಎಷ್ಟು ತಣ್ಣಗಾದರೆ ಅದರ ತೇವ ಹನಿಗಟ್ಟತೊಡಗುತ್ತದೋ ಆ ಉಷ್ಣತೆಯನ್ನು, ಕಳೆದು, ಬಂದ ಸಂಖ್ಯೆಯನ್ನು 125ರಿಂದ ಗುಣಿಸಿದರೆ, ನೆಲದಿಂದ ಮೇಲೇಳುವ ಗಾಳಿ ಎಷ್ಟು ಮೀಟರ್ ಎತ್ತರದಲ್ಲಿ ಮೋಡವಾಗುತ್ತದೆ ಎಂಬ ಅಂದಾಜು ಸಿಗುತ್ತದೆ. 25 ಮತ್ತು 21 ಡಿಗ್ರಿ ಇದ್ದರೆ 500 ಮೀಟರ್. ಆ ವ್ಯತ್ಯಾಸ ಒಂದು ಡಿಗ್ರಿಗೆ ಇಳಿದರೆ ಮೋಡ ತಲೆಯ ಮೇಲೆಯೇ ಬಂದು ಕುಳಿತಂತೆ. ಈ ಅಂತರ ಗಂಟೆಗಂಟೆಗೆ ಕುಗ್ಗುತ್ತಿದ್ದರೆ, ಆಗಿನ್ನೂ ಆಕಾಶ ತಿಳಿಯಾಗಿ ಕಂಡರೂ, ಮಂಜು ಬರುತ್ತಿದೆ ಎಂದು ತಿಳಿಯಬೇಕು.

ಧಾರವಾಡದ ಓದುಗ

ಸರ್, ನಾನು ವಿದ್ಯಾರ್ಥಿ. ಮೊಬೈಲಿನಲ್ಲಿ ಈಗ ಪ್ರತಿ ಗಂಟೆಯ ಮುನ್ಸೂಚನೆ ಊರಿನ ಹೆಸರಿನ ಸಮೇತ ಬರುತ್ತದೆ. ಕೇದಾರನಾಥದ ಹೆಸರು ಹಾಕಿದರೂ ಬರುತ್ತದೆ. ಅದನ್ನು ನಂಬಬಾರದೇ?

ಗದಗ ವೀಕ್ಷಕ

ತಮ್ಮಾ, ಆ ಸಂಖ್ಯೆ ಕೇದಾರನಾಥದಲ್ಲಿ ಅಳೆದದ್ದಲ್ಲ. ಕಂಪ್ಯೂಟರ್ ಮಾದರಿಯು ಭೂಮಿಯನ್ನು ಚೌಕಗಳಾಗಿ ಹೆಚ್ಚಿ, ಒಂದೊಂದು ಚೌಕಕ್ಕೆ ಒಂದೊಂದು ಉತ್ತರ ಕೊಡುತ್ತದೆ. ನಮ್ಮ ದೇಶದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 2025ರ ಮೇ ತಿಂಗಳಿನಲ್ಲಿ ಬಂದಾಗ ಆ ಚೌಕದ ಬದಿ 12 ಕಿಲೋಮೀಟರಿನಿಂದ 6 ಕಿಲೋಮೀಟರಿಗೆ ಇಳಿಯಿತು. ಅದು ದೊಡ್ಡ ಸಾಧನೆಯೇ. ನವಲಗುಂದದ ಎರೆ ಹೊಲದಲ್ಲಿ 6 ಕಿಲೋಮೀಟರ್ ನಡೆದರೂ ನೆಲ ಅದೇ, ಗಾಳಿ ಅದೇ. ಹಿಮಾಲಯದಲ್ಲಿ ಅಷ್ಟು ದೂರದೊಳಗೆ ನದಿಯ ತಳವೂ ಹಿಮದ ಶಿಖರವೂ ಒಟ್ಟಿಗೆ ಇರುತ್ತವೆ. ಎರಡಕ್ಕೂ ಸೇರಿಸಿ ಕೊಟ್ಟ ಒಂದೇ ಉತ್ತರದ ಮೇಲೆ ಹೆಲಿಕಾಪ್ಟರ್ ಹಾರಿಸಲಾಗದು. ನಾಳೆಯ ಯೋಜನೆಗೆ ಮುನ್ಸೂಚನೆ ಬೇಕು, ಈ ಕ್ಷಣದ ನಿರ್ಧಾರಕ್ಕೆ ಅಳತೆ ಬೇಕು.

ಮಾಜಿ ಹವಾಲ್ದಾರ, ಹಾವೇರಿ

ಸಿಸ್ಟರ್ ಅವರು ಕುಂದಗೋಳದವರು ಎಂದು ಓದಿದ ಕೂಡಲೇ ನನಗೆ ಅದೇ ತಾಲ್ಲೂಕಿನ ಬೆಟದೂರು ನೆನಪಾಯಿತು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದಾಗ, ಹತ್ತು ಜನರಲ್ಲಿ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕವರು ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರೊಬ್ಬರೇ. ಅವರನ್ನು ಹೆಲಿಕಾಪ್ಟರಿನಲ್ಲಿ ಥೋಯಿಸ್ ವಾಯುನೆಲೆಗೆ ಇಳಿಸಿ, ಅಲ್ಲಿಂದ ವೈದ್ಯರ ಸಮೇತ ವಿಮಾನದಲ್ಲಿ ದೆಹಲಿಗೆ ಒಯ್ದದ್ದು 9ರಂದು. 11ರಂದು ಅವರು ನಮ್ಮನ್ನು ಅಗಲಿದರು. ಅವರು ಸಿಕ್ಕದ್ದು 8ರ ರಾತ್ರಿ. ಹಿಮದಡಿ ಆರು ದಿನ ಉಳಿದ ಜೀವವಾದರೂ ಬೆಳಗಿನ ತನಕ ಕಾಯಲೇಬೇಕಾಯಿತು. ಆ ಎತ್ತರವನ್ನು ನೋಡದವರಿಗೆ ಆ ಕಾಯುವಿಕೆ ಅರ್ಥವಾಗುವುದು ಕಷ್ಟ.

ನಾನು ಲಡಾಖ್‌ನಲ್ಲಿ ಹೆಲಿಪ್ಯಾಡ್ ಕರ್ತವ್ಯದಲ್ಲಿ ಇದ್ದವನು. ಬೆಳಿಗ್ಗೆ ಬಿಸಿಲು ಏರುವ ಮೊದಲು ಗಾಳಿ ಶಾಂತವಾಗಿರುತ್ತದೆ. ಬಂಡೆಗಳು ಕಾದಂತೆ ಗಾಳಿ ಇಳಿಜಾರುಗುಂಟ ಮೇಲಕ್ಕೆ ಹರಿಯತೊಡಗಿ, ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಜೋರು ಗಾಳಿ ಬೀಸುತ್ತದೆ. ತೇವ ಇರುವ ಕಡೆ ಅದೇ ಗಾಳಿ ಮೋಡವನ್ನೂ ಹೊತ್ತು ತರುತ್ತದೆ. ತಮ್ಮ ವೈನಿಗೆ ಮೂರು ಗಂಟೆಗೆ ಹೆಲಿಕಾಪ್ಟರ್ ಸಿಗಲಿಲ್ಲ ಎಂದರೆ ಅದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಇನ್ನು ಶಿಖರವನ್ನು ದಾಟಿ ಬಂದ ಗಾಳಿ ಆಚೆ ಬದಿಯಲ್ಲಿ ಕೆಳಕ್ಕೆ ಧುಮುಕಿ ಸುಳಿಯಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆಕಾಶ ನೀಲಿಯಾಗಿಯೇ ಇರುತ್ತದೆ. ಹಾಗಾಗಿ ಗಾಳಿಯ ಮಾಪಕ ಹೆಲಿಪ್ಯಾಡಿನಲ್ಲಿ ಇದ್ದರಷ್ಟೇ ಸಾಲದು, ಮೇಲಿನ ಬೆಟ್ಟದ ನೆತ್ತಿಯಲ್ಲೂ ಇರಬೇಕು.

ಎತ್ತರದ ಜಾಗದಲ್ಲಿ ಉಷ್ಣಮಾಪಕವೂ ಜೀವರಕ್ಷಕವೇ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 70ರಷ್ಟು ಮಾತ್ರ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಬಿಸಿಲೇರಿದರೆ ಇನ್ನೂ ಕಡಿಮೆ. ಪ್ರತಿಯೊಂದು ಹಾರಾಟಕ್ಕೂ ಅಂದಿನ ಉಷ್ಣತೆ ನೋಡಿ ಎಷ್ಟು ಭಾರ ಎತ್ತಬಹುದೆಂದು ಲೆಕ್ಕ ಹಾಕುತ್ತಿದ್ದರು. ರೋಗಿ, ವೈದ್ಯ, ಆಮ್ಲಜನಕದ ಸಿಲಿಂಡರ್, ಜೊತೆಗೆ ಒಬ್ಬ ಸಂಬಂಧಿ ಎಂದು ಕೇಳಿದಾಗ ಸಂಬಂಧಿಯನ್ನು ಬಿಟ್ಟು ಹೋಗುವುದು ಕಠೋರತೆ ಅಲ್ಲ, ಅದು ಗಣಿತ.

ಕಲಘಟಗಿ ಮಾಸ್ತರ

ಹಿರಿಯರೆಲ್ಲರ ಮಾತನ್ನು ಗೌರವದಿಂದ ಓದಿದೆ, ಆದರೆ ನನ್ನದೊಂದು ತಕರಾರು ಇದೆ. ನಮ್ಮ ಅಕ್ಕನನ್ನು ಕೊಟ್ಟಿರುವುದು ಯಲ್ಲಾಪುರದ ಆಚೆ, ಅರಬೈಲ್ ಘಟ್ಟದ ಮೇಲಂಚಿನ ಊರಿಗೆ. ಆ ಭಾಗದವರಿಗೆ ತಲೆಗೆ ಪೆಟ್ಟಾದರೂ, ಹೃದಯಾಘಾತವಾದರೂ ಹುಬ್ಬಳ್ಳಿಗೇ ಬರಬೇಕು. ಅಂಕೋಲಾದಿಂದ ಹುಬ್ಬಳ್ಳಿಗೆ ಸುಮಾರು 130 ಕಿಲೋಮೀಟರ್ ಘಟ್ಟದ ರಸ್ತೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ರಸ್ತೆ ಇಲ್ಲ, ಮಳೆಗಾಲದಲ್ಲಿ ಹೆಲಿಕಾಪ್ಟರೂ ಹಾರುವುದಿಲ್ಲ ಎಂದರೆ ಆ ಜನ ಎಲ್ಲಿಗೆ ಹೋಗಬೇಕು? ಹೇಗಿದ್ದರೂ ಸಾಯುವ ರೋಗಿಗಾಗಿ ಒಂದು ಪ್ರಯತ್ನ ಮಾಡುವುದರಲ್ಲಿ ತಪ್ಪೇನಿದೆ? ಹವಾಮಾನ ಸರಿಯಿಲ್ಲ ಎಂಬುದು ಕೆಲವೊಮ್ಮೆ ಕೆಲಸ ತಪ್ಪಿಸಿಕೊಳ್ಳುವ ಮಾತೂ ಆಗಬಹುದಲ್ಲವೇ?

ಮಾಜಿ ಹವಾಲ್ದಾರ, ಹಾವೇರಿ

ಮಾಸ್ತರರೇ, ತಮ್ಮ ಸಂಕಟ ನ್ಯಾಯವಾದದ್ದು. ಆದರೆ ರೋಗಿಯ ಜೊತೆ ಪೈಲಟ್, ವೈದ್ಯ, ಶುಶ್ರೂಷಕರೂ ಹಾರುತ್ತಾರೆ. 2021ರ ಡಿಸೆಂಬರ್ 8ರಂದು ನೀಲಗಿರಿಯಲ್ಲಿ ಜನರಲ್ ಬಿಪಿನ್ ರಾವತ್ ಅವರಿದ್ದ ಹೆಲಿಕಾಪ್ಟರ್ ಬಿದ್ದಾಗ, ಅದನ್ನು ನಡೆಸುತ್ತಿದ್ದವರು ವಾಯುಪಡೆಯ ನುರಿತ ಪೈಲಟ್‌ಗಳು, ಯಂತ್ರದಲ್ಲಿ ದೋಷವಿರಲಿಲ್ಲ. ಕಣಿವೆಯಲ್ಲಿ ಹವಾಮಾನ ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಗೆ ಸಿಲುಕಿದ್ದರಿಂದ ಪೈಲಟ್‌ಗೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಅರಿವೇ ತಪ್ಪಿತೆಂದು ತನಿಖೆ ಹೇಳಿತು. ಮೋಡದೊಳಗೆ ಒಳಗಿವಿ ಸುಳ್ಳು ಹೇಳುತ್ತದೆ. ವಾಲಿದ್ದರೂ ನೇರವಾಗಿದ್ದೇವೆ ಎನಿಸುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಕೃತಕವಾಗಿ ಮೋಡದಂತಹ ಸ್ಥಿತಿಯಲ್ಲಿ ಪರೀಕ್ಷಿಸಿದಾಗ, 20 ಜನರೂ ವಿಮಾನದ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಅವು ಹೆಲಿಕಾಪ್ಟರ್‌ಗಳಲ್ಲ, ನಿಜ. ಆದರೆ ಕೈಬಿಟ್ಟರೆ ತಾನಾಗಿ ನೇರ ನಿಲ್ಲುವ ಗುಣ ವಿಮಾನಕ್ಕಿಂತ ಸಣ್ಣ ಹೆಲಿಕಾಪ್ಟರಿಗೆ ಕಡಿಮೆ.

ಸಿಸ್ಟರ್ ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಹೊರದೇಶಗಳ ಒಳ್ಳೆಯ ಏರ್ ಆಂಬ್ಯುಲೆನ್ಸ್ ಸೇವೆಗಳಲ್ಲಿ ಕರೆ ಬಂದಾಗ ಪೈಲಟ್‌ಗೆ ಎಲ್ಲಿಂದ ಎಲ್ಲಿಗೆ, ಎಷ್ಟು ಭಾರ ಎಂದಷ್ಟೇ ತಿಳಿಸುತ್ತಾರೆ. ಮಗುವೋ ಮುದುಕರೋ, ಉಳಿಯುವವರೋ ಅಲ್ಲವೋ ಎಂಬುದನ್ನು ಹವಾಮಾನದ ನಿರ್ಧಾರ ಆಗುವ ತನಕ ಹೇಳುವುದಿಲ್ಲ. ಏಕೆಂದರೆ ಮಗು ಎಂದು ಕೇಳಿದ ಮೇಲೆ ಯಾವ ಮನುಷ್ಯನಿಗಾದರೂ ಮೋಡ ಸ್ವಲ್ಪ ತೆಳುವಾಗಿ ಕಾಣುತ್ತದೆ. ಹಾರುವ ಸಿಬ್ಬಂದಿಯಲ್ಲಿ ಒಬ್ಬರು ಬೇಡವೆಂದರೂ ಹಾರಾಟ ರದ್ದು, ಕಾರಣ ಕೇಳುವಂತಿಲ್ಲ. ಮೊದಲಿನವರು ಹವಾಮಾನದ ಕಾರಣದಿಂದ ನಿರಾಕರಿಸಿದ್ದನ್ನು ಮುಚ್ಚಿಟ್ಟು ಎರಡನೆಯವರನ್ನು ಕರೆಯುವ ಚಾಳಿ ಅಮೆರಿಕದಲ್ಲಿಯೂ ಇತ್ತು, ಅದರಿಂದ ಜೀವಗಳು ಹೋದವು. ಅಲ್ಲಿ 2014ರಲ್ಲಿ ಬಂದ ನಿಯಮಗಳು, ಬೇರೆಯವರು ನಿರಾಕರಿಸಿದ್ದಾರೆಯೇ ಎಂದು ಹೊರಡುವ ಮೊದಲೇ ವಿಚಾರಿಸುವುದನ್ನೂ ಅಪಾಯದ ಲೆಕ್ಕದಲ್ಲಿ ಸೇರಿಸಿವೆ. ನಮ್ಮ ಮಧ್ಯವರ್ತಿ ಮಾಡಿದ್ದು ಇದರ ತದ್ವಿರುದ್ಧ.

ಕುಂದಗೋಳದ ಸಿಸ್ಟರ್, ಹುಬ್ಬಳ್ಳಿ

ಹವಾಲ್ದಾರ ಅಣ್ಣನವರೇ, ತಾವು ಬರೆದದ್ದನ್ನು ಎರಡು ಸಲ ಓದಿದೆ. ಅಂದು ನಾನು ಕೇಳಬೇಕಾಗಿದ್ದ ಮಾತು ಒಂದೇ ಆಗಿತ್ತು: "ಮೊದಲಿನವರು ಮೋಡದ ಕಾರಣದಿಂದ ಬೇಡ ಎಂದಿದ್ದಾರೆ ಎಂದು ಇವರಿಗೆ ಹೇಳಿದ್ದೀರಾ?" ಅದನ್ನು ನಾನು ಕೇಳಲಿಲ್ಲ.

ಮಾಸ್ತರರ ತಕರಾರಿಗೆ ನನ್ನ ಕಡೆಯಿಂದಲೂ ಒಂದು ಮಾತು. ಹೆಲಿಕಾಪ್ಟರ್ ಬರದಿದ್ದರೆ ಸಾವೇ ಎಂದು ನಾವು ಮನಸ್ಸಿನಲ್ಲೇ ತೀರ್ಮಾನಿಸಿಬಿಡುತ್ತೇವೆ. ವೈನಿಯ ಕಾಯಿಲೆಗೆ ಕೆಳಗಿಳಿಸುವುದೇ ಮುಖ್ಯ ಔಷಧ. ಕೇದಾರನಾಥ 3,583 ಮೀಟರ್, ಗೌರಿಕುಂಡ 2,000 ಮೀಟರಿಗೂ ಸ್ವಲ್ಪ ಕಡಿಮೆ. ಆಮ್ಲಜನಕ ಹಿಡಿದು ಸ್ಟ್ರೆಚರಿನಲ್ಲಿ ಇಳಿಸುತ್ತ ಹೋದಂತೆ ಅರ್ಧ ದಾರಿಯಲ್ಲೇ ಅವರ ಉಸಿರು ಸಲೀಸಾಯಿತು. ಹೆಲಿಕಾಪ್ಟರಿಗಾಗಿ ಕಾಯುತ್ತ ನಾವು ಕಳೆದ ನಾಲ್ಕು ಗಂಟೆಯೇ ನಿಜವಾದ ನಷ್ಟ. ಇಂದು ಹಾರಲಾಗದು ಎಂಬ ಖಚಿತ ಮಾತು ಎರಡು ಗಂಟೆಗೇ ಸಿಕ್ಕಿದ್ದರೆ, ಬೆಳಕಿರುವಾಗಲೇ ಹೊತ್ತು ಹೊರಡುತ್ತಿದ್ದರು. ಹವಾಮಾನದ ಅಳತೆ ಹಾರುವವರಿಗೆ ಎಷ್ಟು ಬೇಕೋ ಹಾರದೆ ಉಳಿಯುವವರಿಗೂ ಅಷ್ಟೇ ಬೇಕು ಎಂದು ನನಗೆ ಈಗ ಅನಿಸುತ್ತಿದೆ. ಋಷಿಕೇಶದ ಏಮ್ಸ್‌ನಲ್ಲಿ 2024ರ ಅಕ್ಟೋಬರಿನಲ್ಲಿ ಹೆಲಿ ಆಂಬ್ಯುಲೆನ್ಸ್ ಸೇವೆ ಆರಂಭವಾಯಿತು. ಅದು ಒಳ್ಳೆಯ ಕೆಲಸ. ಆದರೆ ಅಂತಹ ಸೇವೆಯ ಜೊತೆಗೆ ಪ್ರತಿ ಹೆಲಿಪ್ಯಾಡಿನಲ್ಲೂ ಆಕಾಶ ನೋಡುವ ಕಣ್ಣು ಇರಲೇಬೇಕು.

ಗದಗ ವೀಕ್ಷಕ

ಮಾಸ್ತರರು ನಮ್ಮ ಘಟ್ಟದ ಮಾತು ಎತ್ತಿದ್ದು ಒಳ್ಳೆಯದಾಯಿತು, ಏಕೆಂದರೆ ಹಿಮಾಲಯಕ್ಕಿಂತ ಸಹ್ಯಾದ್ರಿ ಸುಲಭ ಎಂಬ ಭಾವನೆ ತಪ್ಪು. ಜುಲೈನಲ್ಲಿ ಕರಾವಳಿಯ ಗಾಳಿಯಲ್ಲಿ ಉಷ್ಣತೆ 27, ಇಬ್ಬನಿ ಬಿಂದು 25 ಡಿಗ್ರಿ ಇತ್ತೆಂದುಕೊಳ್ಳಿ. ನಮ್ಮ ಲೆಕ್ಕದ ಪ್ರಕಾರ ಮೋಡದ ತಳ 250 ಮೀಟರ್. ಘಟ್ಟದ ನೆತ್ತಿ ಅದರ ಎರಡರಷ್ಟು ಎತ್ತರ. ಅಂದರೆ ಬೆಟ್ಟವೇ ಮೋಡದೊಳಗೆ ಹುದುಗಿರುತ್ತದೆ, ಕರಾವಳಿಗೂ ಹುಬ್ಬಳ್ಳಿಗೂ ನಡುವೆ ಗೋಡೆ ಕಟ್ಟಿದಂತೆ. ಅದೇ ಹೊತ್ತಿಗೆ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಹಾರಾಟಕ್ಕೆ ಅಡ್ಡಿಯಿಲ್ಲದಷ್ಟು ತಿಳಿಯಾಗಿರಬಹುದು. ಎರಡೂ ತುದಿಗಳ ವರದಿ ಚೆನ್ನಾಗಿದ್ದು ನಡುವಿನ ದಾರಿ ಮುಚ್ಚಿರುವುದೇ ಘಟ್ಟದ ಸ್ವಭಾವ.

ನಮಗೆ ಹತ್ತಿರದ ಡಾಪ್ಲರ್ ರಡಾರ್‌ಗಳಲ್ಲೊಂದು ಗೋವಾದ ಪಣಜಿಯಲ್ಲಿದೆ. ಹುಬ್ಬಳ್ಳಿಗೆ ನೇರ ದೂರ ಸುಮಾರು 140 ಕಿಲೋಮೀಟರ್. ಭೂಮಿ ದುಂಡಗಿರುವುದರಿಂದ, ಅರ್ಧ ಡಿಗ್ರಿ ಮೇಲಕ್ಕೆ ಬಿಟ್ಟ ಕಿರಣ ಅಷ್ಟು ದೂರ ಬರುವಷ್ಟರಲ್ಲಿ ಸುಮಾರು 2.4 ಕಿಲೋಮೀಟರ್ ಎತ್ತರಕ್ಕೆ ಏರಿರುತ್ತದೆ. ಮುಂಗಾರಿನ ತಗ್ಗು ಮೋಡಗಳು ಅದರ ಕೆಳಗೇ ನುಸುಳಿಬಿಡುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕ, ಹೋಬಳಿಗೊಂದರಂತೆ ಹವಾಮಾನ ಕೇಂದ್ರ ಇಟ್ಟಿದ್ದಾರೆ. ರೈತರಿಗೆ ಅದು ದೊಡ್ಡ ಉಪಕಾರ. ಆದರೆ ಮಳೆಮಾಪಕ ಮೋಡದ ತಳವನ್ನು ಅಳೆಯುವುದಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಸ್ವಿಟ್ಜರ್ಲೆಂಡಿನ ರೇಗಾ ಎಂಬ ವಾಯು ರಕ್ಷಣಾ ಸಂಸ್ಥೆ ಆಲ್ಪ್ಸ್ ಕಣಿವೆದಾರಿಗಳಲ್ಲಿ ತಮ್ಮ ಹಾರಾಟಕ್ಕೆಂದೇ ಹವಾಮಾನ ಕೇಂದ್ರಗಳನ್ನೂ ಕ್ಯಾಮೆರಾಗಳನ್ನೂ ಇರಿಸಿದೆ. ಅಲಾಸ್ಕಾದಲ್ಲಿ ಅಮೆರಿಕದ ವಿಮಾನಯಾನ ಇಲಾಖೆ 200ಕ್ಕೂ ಹೆಚ್ಚು ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದು, ಪ್ರತಿಯೊಂದರ ಪಕ್ಕದಲ್ಲೂ ಶುಭ್ರ ದಿನದ ಒಂದು ಚಿತ್ರವನ್ನು, ಗುಡ್ಡಗಳ ಎತ್ತರ ಮತ್ತು ದೂರ ಬರೆದು, ತೋರಿಸುತ್ತದೆ. ಈಗಿನ ಚಿತ್ರದಲ್ಲಿ ಯಾವ ಗುಡ್ಡ ಕಾಣುತ್ತಿಲ್ಲವೋ ಅದರಿಂದ ಪೈಲಟ್ ತಾನೇ ಲೆಕ್ಕ ಹಾಕುತ್ತಾನೆ. ನಾವು ಹಳೆಯ ವೀಕ್ಷಕರು ಮಾಡುತ್ತಿದ್ದುದೂ ಇದೇ: ಗುಡಿಯ ಗೋಪುರ 1 ಕಿಲೋಮೀಟರ್, ನೀರಿನ ಟ್ಯಾಂಕ್ 2, ಕಪ್ಪತಗುಡ್ಡದ ಸಾಲು ಇಷ್ಟು ದೂರ ಎಂದು ಗುರುತಿಟ್ಟುಕೊಂಡು, ಯಾವುದು ಮಾಸಿತೋ ನೋಡಿ ಗೋಚರತೆ ಬರೆಯುವುದು. ಕಣ್ಣೋಟದಿಂದ ಹಾರುವವರಿಗೆ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ ಬೇಕು.

ಕಲಘಟಗಿ ಮಾಸ್ತರ

ಸರ್, ಕೆಲಸ ತಪ್ಪಿಸಿಕೊಳ್ಳುವ ಮಾತು ಎಂದು ಬರೆದದ್ದಕ್ಕೆ ಕ್ಷಮೆ ಇರಲಿ. ಅಳತೆ ಇಲ್ಲದಿರುವುದರಿಂದಲೇ ನನಗೆ ಆ ಅನುಮಾನ ಬಂದಿತ್ತು ಎಂದು ಈಗ ಅರ್ಥವಾಗುತ್ತಿದೆ. ಕಳೆದ ಶನಿವಾರ ಶಾಲೆಯ ಪ್ರಯೋಗಾಲಯದಲ್ಲಿದ್ದ ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕಗಳನ್ನು ಅಕ್ಕನ ಊರಿಗೆ ಒಯ್ದು ಅಟ್ಟದ ಹೊರಗೆ ತೂಗುಹಾಕಿದ್ದೇನೆ. ಭಾವ ಮತ್ತು ಅಳಿಯ ಸೇರಿ ಮನೆಯಂಗಳದಿಂದ ಕಾಣುವ ಐದು ಗುರುತುಗಳ ದೂರವನ್ನು ನಕ್ಷೆಯಿಂದ ತೆಗೆದಿದ್ದಾರೆ: ಶಾಲೆ, ಅಡಿಕೆ ಸೊಸೈಟಿಯ ಗೋದಾಮು, ಮೊಬೈಲ್ ಟವರ್, ಎರಡು ಗುಡ್ಡ. ಇಂದು ಬೆಳಿಗ್ಗೆ 7 ಗಂಟೆಗೆ ಒಣ ಬಲ್ಬ್ 22.6, ಒದ್ದೆ ಬಲ್ಬ್ 22.0. ಗೋದಾಮು ಕಾಣುತ್ತಿತ್ತು, ಟವರ್ ಕಾಣುತ್ತಿರಲಿಲ್ಲ. 10 ಗಂಟೆಗೆ 23.8 ಮತ್ತು 22.2, ತುದಿಯೊಂದನ್ನು ಬಿಟ್ಟು ಟವರ್ ಪೂರ್ತಿ ಕಂಡಿತು.

ಗದಗ ವೀಕ್ಷಕ

ಬಹಳ ಸಂತೋಷವಾಯಿತು, ಮಾಸ್ತರರೇ. ಒಣ, ಒದ್ದೆ ಬಲ್ಬುಗಳ ವ್ಯತ್ಯಾಸದಿಂದ ಇಬ್ಬನಿ ಬಿಂದುವನ್ನು ತೆಗೆಯಬಹುದು: 7 ಗಂಟೆಯ ಲೆಕ್ಕಕ್ಕೆ ಅದು ಸುಮಾರು 21.7 ಬರುತ್ತದೆ, ಮೋಡದ ತಳ 110 ಮೀಟರಿನ ಆಸುಪಾಸು. 10 ಗಂಟೆಗೆ ಮೋಡದ ತಳ 300 ಮೀಟರ್ ಸಮೀಪಕ್ಕೆ ಏರಿದೆ. ಟವರ್ ಕಾಣತೊಡಗಿದ್ದಕ್ಕೂ ಇದು ಹೊಂದುತ್ತದೆ. ಆದರೆ ತುದಿ ಮಾತ್ರ ಕಾಣಲಿಲ್ಲ ಎಂಬುದನ್ನು ಬಿಡಬೇಡಿ: ಲೆಕ್ಕ ಏನೇ ಹೇಳಲಿ, ಅಲ್ಲಿ ಮೋಡ ಟವರಿನ ಎತ್ತರಕ್ಕೇ ಇತ್ತು. ಲೆಕ್ಕಕ್ಕೂ ಕಣ್ಣಿಗೂ ಜಗಳವಾದಾಗ ಕಣ್ಣು ಕಂಡದ್ದನ್ನೇ ಬರೆಯಿರಿ.

ಉಷ್ಣಮಾಪಕಗಳನ್ನು ಗೋಡೆಯಿಂದ ದೂರಕ್ಕೆ ಸರಿಸಿ. ಬಿಳಿ ಬಣ್ಣ ಬಳಿದ ಜಾಲಂಧ್ರದ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಬಾಗಿಲು ಉತ್ತರಕ್ಕೆ ಬರುವಂತೆ ಇಡಬೇಕು. ಒದ್ದೆ ಬಲ್ಬಿನ ಮಸ್ಲಿನ್ ಬಟ್ಟೆಯನ್ನು ವಾರಕ್ಕೊಮ್ಮೆ ಬದಲಾಯಿಸಿ, ಬಾವಿಯ ನೀರಿನ ಬದಲು ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಬಳಸಿ.

ಕಲಘಟಗಿ ಮಾಸ್ತರ

ಪೆಟ್ಟಿಗೆ ಮಾಡಿಕೊಡಲು ಊರಿನ ಬಡಿಗೇರರಿಗೆ ಹೇಳಿದ್ದೇನೆ, ಗುರುವಾರ ಕೊಡುತ್ತಾರಂತೆ. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ಅಳಿಯ ಬರೆಯುತ್ತಾನೆ. ಮಧ್ಯಾಹ್ನ 1 ಗಂಟೆಗೆ: 24.4, 22.5, ಹತ್ತಿರದ ಗುಡ್ಡ ಕಾಣುತ್ತಿದೆ. ಸಂಜೆ 4ಕ್ಕೆ: 23.0, 22.3, ಮತ್ತೆ ಗೋದಾಮಿನವರೆಗೆ ಮಾತ್ರ.